ಗಿರಣಿ ಬಾಗಿಲಿನ ಕಂಬ

ಬೆಳಿಗ್ಗೆ ಹತ್ತೂಕಾಲಿಗೆ ನಂಜವ್ವನ ಹಿಟ್ಟಿನ ಗಿರಣಿಯ ಬಾಗಿಲಿಗೆ ಅಡ್ಡಲಾಗಿ ಒಂದು ವಿದ್ಯುತ್ ಕಂಬ ನೆಡಲಾಯಿತು. ಕಂಬಕ್ಕೆ ತಂತಿ ಇರಲಿಲ್ಲ.

ಇದು ಬಹಳ ಹಿಂದೆ ಉಜ್ವಲದ್ವೀಪವೆಂಬ ರಾಜ್ಯದಲ್ಲಿ ನಡೆದದ್ದು. ಸುತ್ತ ಸಮುದ್ರ, ನಡುವೆ ಬೆಟ್ಟ, ಬೆಟ್ಟದ ಮೇಲೆ ಶ್ರೀಮನ್ಮಹಾರಾಜ ಪ್ರದೀಪ್ತವರ್ಮರು. ಓದುಗರು ಭೂಪಟದಲ್ಲಿ ಹುಡುಕುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಆ ರಾಜ್ಯ ಈಗಿಲ್ಲ.

ಕಂಬ ಬಂದದ್ದಕ್ಕೆ ಕಾರಣವಿತ್ತು. ಮೊದಲು ಆ ದ್ವೀಪದಲ್ಲಿ ಕರೆಂಟು ಮಾರುವ ವರ್ತಕರು ಹಲವರಿದ್ದರು. ಒಂದೇ ಬೀದಿಯಲ್ಲಿ ಮೂವರ ತಂತಿ ಹಾದಿರುತ್ತಿತ್ತು. ಒಬ್ಬನ ದೀಪ ಉರಿಯುವ ಮನೆಗೆ ಇನ್ನೊಬ್ಬ ಹೋಗಿ, ತನ್ನ ಕಡೆಗೆ ಬಂದರೆ ಒಂದು ತಿಂಗಳು ಪುಕ್ಕಟೆ ಎನ್ನುತ್ತಿದ್ದ. ಮೂರನೆಯವನು ಪುಕ್ಕಟೆಯ ಜೊತೆಗೆ ಒಂದು ಭರಣಿ ಉಪ್ಪಿನಕಾಯಿಯನ್ನೂ ಕೊಡುತ್ತಿದ್ದ. ಒಬ್ಬರ ತಂತಿಯನ್ನು ಇನ್ನೊಬ್ಬರು ಕತ್ತರಿಸುವುದು ಮಾಮೂಲಾಗಿತ್ತು. ಪ್ರಜೆಗಳಿಗೆ ಆಗಾಗ ಕತ್ತಲೆ, ಸದಾ ಉಪ್ಪಿನಕಾಯಿ. ಕೊನೆಗೆ ವರ್ತಕರೆಲ್ಲ ಸೋತು ಸುಣ್ಣವಾಗಿ, ಸ್ಪರ್ಧೆಯೆಂಬ ಪಿಡುಗಿನಿಂದ ತಮ್ಮನ್ನು ಪಾರುಮಾಡಬೇಕೆಂದು ಅರಮನೆಗೆ ಮೊರೆಹೋದರು.

ಮಹಾರಾಜರು ದ್ವೀಪವನ್ನು ಕಲ್ಲಂಗಡಿಯಂತೆ ಹೋಳು ಮಾಡಿ ಒಬ್ಬೊಬ್ಬ ವರ್ತಕನಿಗೆ ಒಂದೊಂದು ಹೋಳು ಕೊಟ್ಟರು. ಒಬ್ಬರ ಹೋಳಿನೊಳಗೆ ಇನ್ನೊಬ್ಬರು ದೀಪ ಹಚ್ಚುವುದು ರಾಜದ್ರೋಹವಾಯಿತು. ನಂಜವ್ವನ ಊರು ಬಿದ್ದದ್ದು ಚಪಲಾ ವಿದ್ಯುತ್ ಕಂಪನಿಯ ಪಾಲಿಗೆ. ಅದರ ಅಧ್ಯಕ್ಷರು ಕುಬೇರದತ್ತರು.

ಎದುರಾಳಿಯೇ ಇಲ್ಲದ ವರ್ತಕ ಬಾಯಿಗೆ ಬಂದ ದರ ಹೇಳಬಾರದಲ್ಲ, ಅದಕ್ಕೊಂದು ಶಾಸನವೂ ಹೊರಟಿತು. ಕಂಪನಿಯು ತನ್ನ ಒಟ್ಟು ಆಸ್ತಿಯ ಮೇಲೆ ನೂರಕ್ಕೆ ಇಷ್ಟೆಂದು ಗೊತ್ತುಮಾಡಿದ ಲಾಭವನ್ನು ಮಾತ್ರ ಪಡೆಯತಕ್ಕದ್ದು, ಅದರ ಮೇಲೆ ಒಂದು ಬಿಡಿಗಾಸನ್ನೂ ಮುಟ್ಟತಕ್ಕದ್ದಲ್ಲ. ಆಸ್ಥಾನದ ಕವಿಗಳು ಇದನ್ನು ದುರಾಸೆಗೆ ಹಾಕಿದ ಬೇಲಿ ಎಂದು ಹಾಡಿದರು. ಕುಬೇರದತ್ತರು ಶಾಸನವನ್ನು ಎರಡು ಸಲ ಓದಿ, ಮರುದಿನದಿಂದ ಕಂಬ ನೆಡಿಸಲು ಶುರುಮಾಡಿದರು. ಆಸ್ತಿ ಬೆಳೆದಷ್ಟೂ ಲಾಭ ಬೆಳೆಯುತ್ತಿತ್ತು, ಕಂಬ ಆಸ್ತಿಯಾಗಿತ್ತು.

ರಸ್ತೆಯಲ್ಲಿ ಕಂಬ ಬಂತು. ಗದ್ದೆಯಲ್ಲಿ, ಕೆರೆಯ ನಡುವೆ, ಮಸಣದಲ್ಲಿ ಬಂತು. ತೇಗದ ಕಂಬ ಬಂದ ಮೇಲೆ ಕೆತ್ತನೆಯ ಕಂಬ ಬಂತು, ಆಮೇಲೆ ಕಂಬ ಒರಗಿಕೊಳ್ಳಲು ಇನ್ನೊಂದು ಕಂಬ ಬಂತು. ದನ ಕಟ್ಟಲು ಅನುಕೂಲವಾಯಿತೆಂದು ಜನ ಮೊದಮೊದಲು ಸಂತೋಷಪಟ್ಟರು. ಕಂಬಗಳ ಲಾಭವನ್ನೂ ಸೇರಿಸಿದ ಕರೆಂಟು ಬಿಲ್ಲು ಬಂದ ಮೇಲೆ ದನ ಬಿಚ್ಚಿಕೊಂಡು ಹೋದರು. ಬಿಲ್ಲು ಮಾತ್ರ ಬರುತ್ತಲೇ ಇತ್ತು.

ಈ ಕಂಬಗಳು ಅಗತ್ಯವೋ ಅಲ್ಲವೋ ಎಂದು ನೋಡಬೇಕಾದವರು ದರ ನಿಯಂತ್ರಣ ಮಂತ್ರಿ ಅಂಕುಶಮಿತ್ರರು. ಕಟ್ಟುನಿಟ್ಟಿನ ಮನುಷ್ಯ. ಕಂಪನಿಯವರು ತಂದ ಚಹಾಕ್ಕೆ ಸಕ್ಕರೆ ಹೆಚ್ಚಾದರೆ ವಾಪಸು ಕಳಿಸುತ್ತಿದ್ದರು. ಆದರೆ ಆ ರಾಜ್ಯದಲ್ಲಿ ದೇವಾವತರಣವೆಂಬ ಒಂದು ಪದ್ಧತಿಯಿತ್ತು. ನಿಯಂತ್ರಣ ಮಂತ್ರಿ ನಿವೃತ್ತರಾದ ದಿನ ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ರಸ್ತೆ ದಾಟಿಸಿ, ಅದುವರೆಗೆ ಅವರೇ ನಿಯಂತ್ರಿಸಿದ ಕಂಪನಿಯ ಪರಮೋಚ್ಚ ಸಲಹೆಗಾರರ ಆಸನದಲ್ಲಿ ಇಳಿಸಲಾಗುತ್ತಿತ್ತು. ಅಂಕುಶಮಿತ್ರರ ನಿವೃತ್ತಿ ಹತ್ತಿರ ಬಂದಿತ್ತು. ಕಂಪನಿಯ ಬಡಗಿ ಬಂದು ಅವರ ಸೊಂಟದ ಅಳತೆ ತೆಗೆದುಕೊಂಡು ಹೋಗಿದ್ದ.

ನಂಜವ್ವನಿಗೆ ಇದಾವುದೂ ಬೇಕಿರಲಿಲ್ಲ. ರಾಗಿ ಒಕ್ಕಣೆ ಆಗಷ್ಟೇ ಮುಗಿದಿತ್ತು. ವರ್ಷದ ಸಂಪಾದನೆಯೆಲ್ಲ ಆಗುವುದು ಒಕ್ಕಣೆಯ ನಂತರದ ಎರಡು ತಿಂಗಳಲ್ಲೇ. ಈಗ ಬಾಗಿಲಲ್ಲಿ ಕಂಬ ನಿಂತು, ತೆಳ್ಳಗಿರುವವರು ಪಕ್ಕಕ್ಕೆ ತಿರುಗಿ ನುಸುಳುವಷ್ಟು ಮಾತ್ರ ದಾರಿ ಉಳಿದಿತ್ತು. ಚೀಲ ನುಸುಳುತ್ತಿರಲಿಲ್ಲ.

ಕಂಬ ನೆಟ್ಟ ಮೇಸ್ತ್ರಿಯನ್ನು ಅವಳು ತಡೆದು ನಿಲ್ಲಿಸಿದಳು.

"ಅಣ್ಣಾ, ಇಲ್ಲೊಂದು ಬಾಗ್ಲು ಐತೆ, ಕಣ್ಣಿಗೆ ಕಾಣಾಕಿಲ್ವಾ?"

"ಕಾಣ್ತದೆ ಕಣಕ್ಕ. ನಕಾಶೆಯಾಗೆ ಕಾಣಾಕಿಲ್ಲ."

"ನಕಾಶೆ ಬರ್ದೋನು ಇಲ್ಲಿಗೆ ಬಂದಿದ್ನಾ?"

"ಅವ್ರು ಬಂದ್ರೆ ನಕಾಶೆ ಯಾಕೆ ಬೇಕಕ್ಕ?" ಎಂದು ಮೇಸ್ತ್ರಿ ಹಾರೆ ಹೆಗಲಿಗೇರಿಸಿಕೊಂಡು ಹೋದ.

ರಾಗಿ ತಂದ ಹೆಂಗಸರು ಕಂಬದ ಸುತ್ತ ಎರಡು ಸುತ್ತು ಹಾಕಿ, ಪ್ರದಕ್ಷಿಣೆಯಾಯಿತು, ಇನ್ನು ತೀರ್ಥ ಕೊಡು ಎಂದು ನಕ್ಕರು. ನಂಜವ್ವ ಬೊಗಸೆಯಲ್ಲಿ ರಾಗಿ ಒಳಗೆ ಸಾಗಿಸಿ ನೋಡಿದಳು. ಮಧ್ಯಾಹ್ನವಾದರೂ ಒಂದು ಚೀಲವೂ ಮುಗಿಯಲಿಲ್ಲ. ಅರ್ಜಿ ಕೊಡಲು ಕಂಪನಿಗೆ ಹೋದಾಗ, ಕಂಬ ಬೇಕೆನ್ನುವವರ ಅರ್ಜಿಗೆ ಕಿಟಕಿಯಿದೆ, ಬೇಡವೆನ್ನುವವರ ಅರ್ಜಿಗೆ ಕಿಟಕಿ ಕೊರೆದಿಲ್ಲ ಎಂದು ತಿಳಿಸಿದರು. ಸೀರೆಗೆ ಅಂಟಿದ ಹಿಟ್ಟನ್ನೂ ಕೊಡವದೆ ಅವಳು ನೇರ ರಾಜಸಭೆಗೆ ನಡೆದಳು.

ಸಭೆಯಲ್ಲಿ ಕುಬೇರದತ್ತರು ಒಂದು ಪ್ರೆಸೆಂಟೇಶನ್ ಕೊಟ್ಟರು. ಕಂಬ ಕಿತ್ತರೆ ಕಂಪನಿಯ ಆಸ್ತಿ ಕುಗ್ಗುತ್ತದೆ, ಆಸ್ತಿ ಕುಗ್ಗಿದರೆ ಲಾಭ ಕುಗ್ಗುತ್ತದೆ, ಲಾಭ ಕುಗ್ಗಿದರೆ ಹೊಸ ಕಂಬ ನೆಡುವ ಉತ್ಸಾಹ ಕುಗ್ಗುತ್ತದೆ, ಹಾಗಾದಲ್ಲಿ ರಾಜ್ಯ ಕತ್ತಲೆಗೆ ಜಾರುತ್ತದೆ ಎಂಬುದು ಅದರ ಸಾರ. ಕೊನೆಯ ಚಿತ್ರದಲ್ಲಿ ಬರೀ ಕಪ್ಪು ಬಣ್ಣವಿತ್ತು. ಸಭಿಕರು ನಡುಗಿದರು.

ಮಹಾರಾಜರು ಅಂಕುಶಮಿತ್ರರ ಅಭಿಪ್ರಾಯ ಕೇಳಿದರು. ಕಂಬದ ಅಗತ್ಯವನ್ನು ತಾವು ಕೂಲಂಕಷವಾಗಿ ಪರಿಶೀಲಿಸಿದ್ದು, ಕಂಬ ಅಲ್ಲಿ ಇರುವುದರಿಂದಲೇ ಅದು ಅಗತ್ಯವೆಂದು ಸಾಬೀತಾಗುತ್ತದೆ, ಅನಗತ್ಯವಾಗಿದ್ದರೆ ತಾವು ಅನುಮತಿ ಕೊಡುತ್ತಲೇ ಇರಲಿಲ್ಲವೆಂದು ಅವರು ಬಿನ್ನವಿಸಿಕೊಂಡರು.

ನಂಜವ್ವ ತನ್ನ ಸರದಿ ಬಂದಾಗ ಕೈ ಮುಗಿದಳು. "ಬುದ್ಧಿ, ಅದ್ಕೆ ತಂತಿ ಇಲ್ಲ."

"ಗಮನಿಸಲಾಗಿದೆ" ಎಂದರು ಅಂಕುಶಮಿತ್ರರು.

"ದೀಪ ಇಲ್ಲ."

"ಅದನ್ನೂ ಗಮನಿಸಲಾಗಿದೆ."

"ಸುಮ್ಕೆ ನಿಂತಿರೋದೆಲ್ಲ ಕಂಬ ಆದ್ರೆ, ನನ್ನ ಗಿರಣೀನೂ ಕಂಬ ಅಂತ ಬರ್ಕಂಬುಡಿ ಬುದ್ಧಿ. ಇವತ್ತಿನಿಂದ ಅದೂ ಸುಮ್ಕೇ ನಿಂತೈತೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕುಬೇರದತ್ತರು ನಗಲಿಲ್ಲ. ಅವರು ಅಂಕುಶಮಿತ್ರರನ್ನು ನೋಡಿದರು. ಅಂಕುಶಮಿತ್ರರು ಚಾವಣಿಯನ್ನು ನೋಡಿ, ಪ್ರಜೆಯ ಸಲಹೆಯಲ್ಲಿ ಗಹನವಾದ ಅಂಶವೊಂದಿದೆ ಎಂದರು.

ಕಂಬವೆಂದರೇನು ಎಂದು ಶಾಸನದಲ್ಲಿ ಎಲ್ಲೂ ಹೇಳಿರಲಿಲ್ಲ. ಅಂಕುಶಮಿತ್ರರು ಅಲ್ಲೇ ಲಕ್ಷಣ ಹೇಳಿದರು. ನೆಲದಿಂದ ಮೇಲಕ್ಕೆ ನಿಂತಿರಬೇಕು, ತಾನಾಗಿ ಸರಿಯಬಾರದು. ತಂತಿ ಕಡ್ಡಾಯವಲ್ಲವೆಂಬುದು ಈಗಿರುವ ಕಂಬಗಳಿಂದಲೇ ಸಿದ್ಧವಾಗಿತ್ತು. ಈ ಲೆಕ್ಕದಲ್ಲಿ ನಂಜವ್ವನ ಗಿರಣಿ ಒಂದು ಕಂಬ. ಸಾಮಾನ್ಯ ಕಂಬಕ್ಕಿಂತ ತುಸು ಅಗಲ, ಅಷ್ಟೇ.

"ಇಂಥ ಅಗಲವಾದ ಕಂಬ ನಮ್ಮಲ್ಲಿ ಇರಲಿಲ್ಲ ಪ್ರಭೂ" ಎಂದು ಕುಬೇರದತ್ತರು ಗದ್ಗದಿತರಾದರು. "ತಮ್ಮ ಆಳ್ವಿಕೆಯಲ್ಲಿ ಕಂಬಗಳೂ ಮೈತುಂಬಿಕೊಳ್ಳುತ್ತಿವೆ."

ಮಹಾರಾಜರು ಪ್ರಸನ್ನರಾಗಿ ಮುದ್ರೆ ಒತ್ತಿದರು. ಗಿರಣಿ ಕಂಪನಿಯ ಆಸ್ತಿಗೆ ಸೇರಿತು.

ನಂಜವ್ವ ಮತ್ತೆ ಕೈ ಮುಗಿದಳು. "ತಮಾಸೆಗಂದೆ ಬುದ್ಧಿ. ಗಿರಣಿ ಇಲ್ದಿದ್ರೆ ನಾ ಎಂಗ್ ಬದುಕ್ಲಿ?"

"ಆಸ್ಥಾನದಲ್ಲಿ ತಮಾಷೆ ನಡೆಯುವುದಿಲ್ಲ ತಾಯಿ" ಎಂದರು ಮಹಾರಾಜರು, ಮೃದುವಾಗಿಯೇ.

ಹಾಗಾದರೆ ಒಳಗೆ ರಾಗಿ ಬೀಸಲಾದರೂ ಬಿಡಿ, ಬಾಡಿಗೆ ಕೊಡುತ್ತೇನೆ ಎಂದು ಅವಳು ಬೇಡಿಕೊಂಡಳು. ಸುರಕ್ಷತಾ ನಿಯಮದ ಪ್ರಕಾರ ಕಂಬದೊಳಗೆ ಹಿಟ್ಟು ಬೀಸುವಂತಿಲ್ಲವೆಂದು ಅಂಕುಶಮಿತ್ರರು ವಿವರಿಸಿದರು. ಕಂಪನಿ ನಿಷ್ಕರುಣಿಯಲ್ಲ. ಸಲಹೆ ಕೊಟ್ಟದ್ದಕ್ಕಾಗಿ ಅವಳಿಗೆ ಒಂದು ಶಾಲು ಹೊದಿಸಿ, ಶಾಲಿನ ವೆಚ್ಚವನ್ನು ಜನಸಂಪರ್ಕದ ಬಾಬ್ತಿನಲ್ಲಿ ದರಕ್ಕೆ ಸೇರಿಸಿತು.

ಅನಂತರ ಕೆಲಸ ಚುರುಕಾಯಿತು. ತೆಂಗಿನ ಮರಗಳು ಕಂಬಗಳಾದವು. ಗೋಪುರಗಳು, ಕಣಜಗಳು, ಹುತ್ತಗಳು ಕಂಬಗಳಾದವು. ಅರಮನೆಯ ಕಾವಲುಗಾರರು ಕರ್ತವ್ಯದ ವೇಳೆಯಲ್ಲಿ ಅಲುಗಾಡುವುದಿಲ್ಲವಾದ್ದರಿಂದ ಅವರನ್ನು ಹಗಲುಕಂಬಗಳೆಂದು ನೋಂದಾಯಿಸಲಾಯಿತು. ಒಬ್ಬ ಕಾವಲುಗಾರ ಸೀನಿದಾಗ ಆಸ್ತಿಮೌಲ್ಯ ಕ್ಷಣಕಾಲ ಕುಸಿದು ಚೇತರಿಸಿಕೊಂಡಿತು.

ಅಂಕುಶಮಿತ್ರರ ದೇವಾವತರಣದ ದಿನ ಒಂದು ತೊಡಕಾಯಿತು. ಮಂತ್ರಿಗಳ ಕಚೇರಿಗೂ ಕಂಪನಿಗೂ ನಡುವಿನ ರಸ್ತೆಯಲ್ಲಿ ಕಂಬಗಳು ಎಷ್ಟು ಒತ್ತಾಗಿದ್ದವೆಂದರೆ ಪಲ್ಲಕ್ಕಿ ಮೂರನೆಯ ಕಂಬದ ಬಳಿಯೇ ಸಿಕ್ಕಿಕೊಂಡಿತು. ಮುಂದೆಯೂ ಹೋಗದು, ಹಿಂದೆಯೂ ಬಾರದು. ವಾದ್ಯದವರು ಅದೇ ರಾಗವನ್ನು ಮತ್ತೆ ಮತ್ತೆ ಬಾರಿಸಿದರು. ಕಂಬ ಕೀಳುವ ಮಾತನ್ನು ಯಾರೂ ಎತ್ತಲಿಲ್ಲ.

ಮಹಾರಾಜರೇ ಪರಿಹಾರ ಕಂಡುಹಿಡಿದರು. ಮಂತ್ರಿಗಳು ಕಂಪನಿಗೆ ಹೋಗಲಾಗದಿದ್ದರೆ ಕಂಪನಿಯೇ ಮಂತ್ರಿಗಳ ಬಳಿಗೆ ಬರಲಿ. ಮಂತ್ರಿಗಳ ಕಚೇರಿಯ ಕಟ್ಟಡ ನೆಲದಿಂದ ಮೇಲಕ್ಕೆ ನಿಂತಿತ್ತು, ತಾನಾಗಿ ಸರಿಯುತ್ತಿರಲಿಲ್ಲ. ಅದನ್ನೂ ಕಂಬವೆಂದು ಸಾರಿ ಕಂಪನಿಗೆ ಒಪ್ಪಿಸಲಾಯಿತು. ಅಂಕುಶಮಿತ್ರರು ಪಲ್ಲಕ್ಕಿಯಿಂದ ಇಳಿದು ತಮ್ಮ ಹಳೆಯ ಕುರ್ಚಿಗೇ ಹೋಗಿ ಕುಳಿತು, ಅಂದಿನಿಂದ ಕಂಪನಿಯ ಪರವಾಗಿ ಕಂಪನಿಯನ್ನು ನಿಯಂತ್ರಿಸತೊಡಗಿದರು. ಕುಬೇರದತ್ತರಿಗೆ ಸ್ತಂಭಸಾರ್ವಭೌಮ ಎಂಬ ಬಿರುದೂ ಒಂದು ಸಣ್ಣ ಕಿರೀಟವೂ ದೊರೆತವು. ಕಿರೀಟವನ್ನು ಸ್ಥಿರಾಸ್ತಿಯೆಂದು ನಮೂದಿಸಲಾಯಿತು.

ಮುಂದಿನ ತಿಂಗಳು ದರ ಏರಿತು. ಗಿರಣಿಯೂ ಈಗ ಕಂಬವಾದ್ದರಿಂದ ಅದರ ಮೇಲಿನ ಲಾಭವನ್ನು ಊರಿನವರೆಲ್ಲ ಕೊಡಬೇಕಾಯಿತು, ನಂಜವ್ವನೂ ಕೊಟ್ಟಳು. ಊರಿನ ಹೆಂಗಸರು ಮನೆಯಲ್ಲಿದ್ದ ಹಳೆಯ ಬೀಸುವ ಕಲ್ಲುಗಳನ್ನು ತೊಳೆದು ಹಾಕಿಕೊಂಡರು. ಆ ವರ್ಷ ನಂಜವ್ವ ಕಂಬ ನೆಟ್ಟ ಮೇಸ್ತ್ರಿಯ ಮನೆಯಲ್ಲಿ ಕೂಲಿಗೆ ರಾಗಿ ಬೀಸಿದಳು.