ಮುದ್ದೆ ಉಂಡವರಿಗೆ ಮಾತ್ರ ಬಸ್ಸು

ನಮ್ಮ ಚಿಕ್ಕಪ್ಪನಷ್ಟು ಪ್ರಾಮಾಣಿಕರನ್ನು ನೀವು ನೋಡಿರಲಾರಿರಿ. ನೋಡಿದ್ದರೆ ನಿಮ್ಮ ತಾಳ್ಮೆಗೆ ನನ್ನದೊಂದು ದೊಡ್ಡ ನಮಸ್ಕಾರ! ಕಂಪ್ಯೂಟರಿನಲ್ಲಿ 'ನಿಯಮಗಳನ್ನು ಓದಿ ಒಪ್ಪಿದ್ದೇನೆ' ಎಂದು ಬಂದರೆ ನಾವು ನೀವು ಏನು ಮಾಡುತ್ತೇವೆ? ಕಣ್ಣು ಮುಚ್ಚಿ ಒತ್ತುತ್ತೇವೆ. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಪೂರ್ತಿ ಓದುತ್ತಾರೆ. ತಿಳಿಯದ ಪದಕ್ಕೆಲ್ಲ ಚಿತ್ರದುರ್ಗದ ಆಫೀಸಿನಲ್ಲಿರುವ ನನಗೆ ಫೋನು.

ಹೊಳಲ್ಕೆರೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿರುವ ಈ ಅರವತ್ತರ ಮನುಷ್ಯನಿಗೆ ಬಸ್ಸು ಓಡಿಸುವ ವಿಡಿಯೋ ಗೇಮಿನ ಹುಚ್ಚು. ಆನ್‌ಲೈನಿನಲ್ಲೇ ಕೊಂಡಿದ್ದು, ಡಬ್ಬಿಯೂ ಇಲ್ಲ, ಡಿಸ್ಕೂ ಇಲ್ಲ. ಕೊಂಡವರು ಅದನ್ನು ಮನೆಯ ಐದು ಜನರೊಂದಿಗೆ ಹಂಚಿಕೊಳ್ಳಬಹುದು, ಆದರೆ ಒಂದು ಸಲಕ್ಕೆ ಒಬ್ಬರೇ ಆಡಬೇಕು. 'ಇವರು ನಮ್ಮ ಮನೆಯವರು' ಎಂದು ಒಪ್ಪಿ ಒತ್ತಬೇಕು. ಆ ಸಾಲಿಗೆ ಬಂದು ಚಿಕ್ಕಪ್ಪ ನಿಂತುಬಿಟ್ಟರು. ಮನೆಯವರು ಅಂದರೆ ಯಾರು? ಮೂರು ದಿನ ಯೋಚಿಸಿ ತೀರ್ಪು ಕೊಟ್ಟರು: ತಮ್ಮ ಮನೆಯಲ್ಲಿ ಕೂತು ಮುದ್ದೆ ಉಂಡವರು. ಉಣ್ಣದವರಿಗೆ ಬಸ್ಸಿಲ್ಲ.

ನಾನು ಅಲ್ಲೇ ಉಂಡು ಬೆಳೆದವಳು, ಪಾಸು. ಪಕ್ಕದ ಬೀಗದ ಅಂಗಡಿಯ ಭಾಯ್ ಮೂವತ್ತು ವರ್ಷದಿಂದ ಅಲ್ಲಿ ಉಣ್ಣುತ್ತಿದ್ದಾರೆ, ಅವರೂ ಪಾಸು. ಸಿಕ್ಕಿಬಿದ್ದವನು ಹಿರಿಯೂರಿನ ನನ್ನ ತಂಗಿಯ ಗಂಡ, ಮುದ್ದೆ ಕಂಡರೆ ದೂರ ಓಡುವವನು.

"ಮಾವ, ಚಪಾತಿ ಆದ್ರೆ ನಡೆಯಲ್ವಾ?"

"ಚಪಾತಿ ತಿಂದ್ರೆ ನೆಂಟ್ರು. ಮುದ್ದೆ ಉಂಡ್ರೆ ಮನೆಯವ್ರು. ಕುಂತ್ಕಳ್ರಿ."

ಪಾಪ, ಮಾತ್ರೆ ನುಂಗಿದಂತೆ ಒಂದೂವರೆ ಮುದ್ದೆ ನುಂಗಿ, ಸಂಜೆಗೆ ಬಸ್ಸು ಹತ್ತಿದ.

ನಿಜವಾದ ಕಷ್ಟ ಶುರುವಾದದ್ದು ನಮ್ಮಪ್ಪನಿಂದ. ಅಪ್ಪ ಹೊಸದುರ್ಗದಲ್ಲಿರುವ ನಿವೃತ್ತ ಕಂಡಕ್ಟರ್. ಮೂವತ್ತು ವರ್ಷ ಸೀಟಿ ಊದಿದವರು, ಒಂದು ದಿನವೂ ಸ್ಟೇರಿಂಗ್ ಹಿಡಿದವರಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಆಡಿದ್ದೇ ತಡ, "ನಂಗೂ ಒಂದು ಮಾಡ್ಸಿಕೊಡಮ್ಮ" ಎಂದು ಹಟ ಹಿಡಿದರು. ಆದರೆ ನಾಲ್ಕು ವರ್ಷದ ಹಿಂದೆ, ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ ಗಡಿಬಿಡಿಯಲ್ಲಿ ಚಿಕ್ಕಪ್ಪ ಅಣ್ಣನನ್ನು ಊಟಕ್ಕೆ ಏಳಿಸುವುದನ್ನು ಮರೆತಿದ್ದರು. ಅಪ್ಪ ಉಣ್ಣದೆ ಎದ್ದು ಬಂದರು. ಆಮೇಲೆ ಒಬ್ಬರ ಮನೆಯ ನೀರನ್ನೂ ಇನ್ನೊಬ್ಬರು ಮುಟ್ಟಿಲ್ಲ. ಗೇಮು ಯಾರಿಗೆ ಬೇಕಿತ್ತು? ನನಗೆ ಅಣ್ಣತಮ್ಮಂದಿರು ಒಂದಾದರೆ ಸಾಕಿತ್ತು.

"ಸುಮ್ನೆ ಒತ್ತಿಬಿಡಿ ಚಿಕ್ಕಪ್ಪ" ಎಂದೆ.

"ಸುಳ್ಳು ಒತ್ತಾಕಾಗಲ್ಲಮ್ಮ. ಅಣ್ಣ ನಮ್ಮನೇಲಿ ಉಂಡು ನಾಕು ವರ್ಷ ಆತು."

ಅಪ್ಪನಿಗೆ ಹೇಳಿದೆ. "ಕರೀಲಿ, ಬರ್ತೀನಿ" ಎಂದರು.

ಚಿಕ್ಕಪ್ಪ ತಕ್ಷಣ ಕರೆದರು. ಹೇಗೆ ಅಂತೀರಿ? ಗೇಮಿನ ಗುಂಪಿಗೆ ಸೇರುವ ಆಹ್ವಾನ ಅಪ್ಪನ ಫೋನಿಗೆ ಟಣ್ ಎಂದು ಬಂತು! ಒಪ್ಪಿಕೊಳ್ಳುವ ಮುಂಚೆ ಬಂದು ಉಣ್ಣಬೇಕೆಂಬ ಮೆಸೇಜೂ ಜೊತೆಗೆ. ಅಪ್ಪನ ಮೀಸೆ ಕುಣಿಯಿತು. "ಬಟನ್ ಒತ್ತಿ ಕರೆಯೋದು ಕರೆಯೋದಾ? ಬಾಗಿಲಿಗೆ ಬರ್ಲಿ."

ಭಾನುವಾರ ನಾನು ಅಪ್ಪನ ಮನೆಯಲ್ಲಿದ್ದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಡಲಿಲ್ಲ.

"ಅಣ್ಣ, ಅವತ್ತು ತಪ್ಪಾತು. ಏಳು, ಊಟಕ್ಕೆ ಹೋಗಾಣ."

ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ಕಣ್ಣೆದುರಿಗೇ ಇದ್ದ ಚಪ್ಪಲಿ ಅವರಿಗೆ ಕಾಣಲೇ ಇಲ್ಲ. ನನಗೂ ಮಂಜುಮಂಜಾಗಿಯೇ ಕಂಡಿತು. ಆ ಮಧ್ಯಾಹ್ನ ಅಪ್ಪ ಹೊಳಲ್ಕೆರೆಯಲ್ಲಿ ಎರಡು ಮುದ್ದೆ ಉಂಡು, ಮತ್ತೆ ಸಾರು ಬಡಿಸಿಕೊಂಡರು. ಚಿಕ್ಕಪ್ಪ ಕೈ ತೊಳೆದು ಬಂದು 'ಇವರು ನಮ್ಮ ಮನೆಯವರು' ಎಂದು ಒತ್ತಿದರು.

ಅಂದಿನಿಂದ ಚಿಕ್ಕಪ್ಪ ಬಸ್ಸು ಓಡಿಸಿದ್ದೇ ಇಲ್ಲ. ಆದರೂ ದಿನಾ ಸಂಜೆ ಕಂಪ್ಯೂಟರಿನ ಮುಂದೆ ಇರುತ್ತಾರೆಂದು ಚಿಕ್ಕಮ್ಮ ಹೇಳಿದ ಮೇಲೆ ಫೋನ್ ಮಾಡಿದೆ.

"ಗೇಮ್ ಬೇಜಾರಾತಾ ಚಿಕ್ಕಪ್ಪ?"

"ಇಲ್ಲಮ್ಮ. ಅಣ್ಣ ಆಡ್ತಾ ಅವ್ನೆ. ನಾನು ಶುರು ಮಾಡಿದ್ರೆ ಅವನ ಬಸ್ಸು ನಿಂತುಬಿಡ್ತೈತೆ."

"ಮತ್ತೆ ಅಲ್ಲಿ ಕೂತು ಏನ್ ಮಾಡ್ತೀರಿ?"



"ಅವನು ಆಡೋವಾಗ ಅವನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಉರೀತಿರ್ತೈತೆ. ಅದು ಆರೋವರ್ಗೂ ನೋಡ್ತಾ ಕುಂತಿರ್ತೀನಿ."