ಲಗ್ನಪತ್ರಿಕೆಯ ಕೆಂಪು ಸಾಲು

ಸಿಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ: ನನ್ನ ಮೊಮ್ಮಗಳ ಲಗ್ನ ನಿಕ್ಕಿಯಾಗಿದೆ. ವರ ಸವದತ್ತಿಯವನು, ಸಾಲಿ ಮಾಸ್ತರ. ಪಾಪ, ಒಳ್ಳೆಯ ಹುಡುಗ. ಪಾಪ ಎಂದು ಏಕೆ ಅಂದೆ? ಎಂಥವಳ ಕೈಗೆ ಸಿಗುತ್ತಿದ್ದೇನೆ ಎನ್ನುವುದು ಅವನಿಗಿನ್ನೂ ಗೊತ್ತಿಲ್ಲ. ಮೊನ್ನೆ ಒಂದು ಮಾತು ಹೇಳಿ ಇವತ್ತು ಬೇರೆ ಹೇಳಿದರೆ, ಇವಳು ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡುತ್ತಾಳೆ. ಕಣ್ಣಿನಿಂದಲ್ಲ, ಕಂಪ್ಯೂಟರಿನಿಂದ.

ರಾಮದುರ್ಗದ ಕಾಲೇಜಿನಲ್ಲಿ ಓದುವಾಗಲೇ ಅದಕ್ಕೊಂದು ಕೋಡ್ ಬರೆದಳು. ಎರಡು ಬರಹ ಕೊಟ್ಟರೆ ಸಾಕು. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಸಾಲು ಕೆಂಪಾಗುತ್ತದೆ, ಹೊಸದಾಗಿ ಬಂದದ್ದು ಹಸಿರಾಗುತ್ತದೆ. ಮನೆಯವರೆಲ್ಲ ಹಿಗ್ಗಿದರು. ನಾನು ಹೆದರಿದೆ. ಏಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿಕ್ಕಿಬಿದ್ದವಳು ನನ್ನ ಹೆಂಡತಿ. ಶೇಂಗಾ ಹೋಳಿಗೆ ಮಾಡುವುದು ಹೇಗೆ ಎಂದು ವಾರ ಬಿಟ್ಟು ಎರಡು ಸಲ ಕೇಳಿ ಬರೆದುಕೊಂಡ ಮೊಮ್ಮಗಳು ಎರಡನ್ನೂ ಯಂತ್ರಕ್ಕೆ ಹಾಕಿದಳು. ಮೂರನೆಯ ಸಾಲಿನಿಂದ ಕೆಳಗೆ ಇಡೀ ಹೋಳಿಗೆ ಕೆಂಪು.

"ಐವತ್ತ ವರ್ಷ ಮಾಡಿದ್ದೆಲ್ಲಾ ತಪ್ಪೇನ ಹಂಗಾರ?" ಎಂದು ಹೆಂಡತಿ ಲಟ್ಟಣಿಗೆ ಕೆಳಗಿಟ್ಟಳು.

"ಇಲ್ಲ ಆಯಿ. ಎರಡನೇ ಸಲ ನೀ ಏಲಕ್ಕಿ ಹೇಳಲಿಲ್ಲ. ನಡುವ ಒಂದ ಸಾಲ ಬಿದ್ದರ ಕೆಳಗಿನವೆಲ್ಲ ಮ್ಯಾಲ ಸರಿತಾವ. ಎಲ್ಲಿ ಮತ್ತ ಕೂಡತಾವ ಅಂತ ಹುಡುಕೋದು ಇದಕ್ಕಿನ್ನೂ ಕಲಿಸಿಲ್ಲ."

"ಆ ವಾರ ಮನ್ಯಾಗ ಏಲಕ್ಕಿ ಇರಲಿಲ್ಲ. ಅದನ್ನೂ ಕಲಸು."

ಕಲಿಸಿದಳು. ಮುಂದಿನ ಸರದಿ ನನ್ನದು. ಮಲಪ್ರಭೆಯ ದಂಡೆಯಲ್ಲಿ ಹುಡುಗನಾಗಿದ್ದಾಗ ಹಾವು ಎದುರಾದ ಕಥೆಯನ್ನು ಇವಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹೇಳಿದ್ದೆ. ಸಾಲಿಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಈಗ ಮತ್ತೆ ಹೇಳಿಸಿದಳು.

"ಅಜ್ಜಾ, ಆವಾಗ ಹಾವು ಮೂರ ಮೊಳ ಇತ್ತು. ಈಗ ಏಳ ಮೊಳ ಆಗೇತಿ."

"ಇಷ್ಟ ವರ್ಷ ಅದೂ ಬೆಳಿಬಾರದೇನವಾ?" ಅಂದೆ. ಜೀವಮಾನವಿಡೀ ಟೇಪು ಹಿಡಿದು ಬಟ್ಟೆ ಹೊಲಿದ ದರ್ಜಿ ನಾನು. ಹಾವಿಗೆ ಮಾತ್ರ ಒಂದಿಷ್ಟು ಜಾಸ್ತಿ ಬಿಡುತ್ತೇನೆ.

ಅವಳು ನಗಲಿಲ್ಲ. "ದೊಡ್ಡಜ್ಜ ಎಲ್ಲಿ ಹೋದ? ಮೊದಲಿನದರಾಗ ಬಡಿಗಿ ಹಿಡದು ನಿನ್ನ ಮುಂದ ನಿಂತಿದ್ದ. ಈಗಿನದರಾಗ ನೀ ಒಬ್ಬನ ಅದಿ."

ನೀರು ಕುಡಿಯುವ ನೆವ ಹೇಳಿ ಎದ್ದೆ.

ದೊಡ್ಡಜ್ಜ ಎಂದರೆ ಸುರೇಬಾನದಲ್ಲಿರುವ ನನ್ನ ಅಣ್ಣ. ಹನ್ನೆರಡು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನನ್ನ ಕಿರಿಮಗನ ಲಗ್ನಪತ್ರಿಕೆಯಲ್ಲಿ, ಆಮಂತ್ರಿಸುವವರ ಪಟ್ಟಿಯಲ್ಲಿ, ಅವನ ಹೆಸರೇ ಇರಲಿಲ್ಲ. ಬದುವಿನ ಮೇಲಿನ ಬೇವಿನ ಮರಕ್ಕಾಗಿ ಅದೇ ವರ್ಷ ನಮ್ಮಲ್ಲಿ ಮಾತು ಬೆಳೆದಿತ್ತು. "ನೀ ಬೇಕಂತ ತಗಸೀದಿ," ಅಂದ ಅಣ್ಣ. ನಾನು ಇಲ್ಲ ಎನ್ನಲಿಲ್ಲ.

ಮೊಮ್ಮಗಳ ಲಗ್ನಕ್ಕಾದರೂ ಅವನು ಬರಬೇಕು. ನನಗಿದ್ದದ್ದು ಅದೊಂದೇ ಆಸೆ. ಆದರೆ ಪತ್ರಿಕೆ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದೆ. ಒಂದು ದಿನ ಅವಳು ಹಳೆಯ ಟ್ರಂಕಿನಿಂದ ಎರಡು ಹಾಳೆ ಹಿಡಿದು ಬಂದಾಗ ಎದೆ ಹೊಲಿಗೆ ಯಂತ್ರದ ಹಾಗೆ ಬಡಿಯತೊಡಗಿತು. ಒಂದು, ಕಿರಿಮಗ ಪ್ರೆಸ್ಸಿಗೆ ಬರೆದುಕೊಟ್ಟದ್ದು. ಇನ್ನೊಂದು, ಪ್ರೆಸ್ಸಿನವರು ತೋರಿಸಲು ಕೊಟ್ಟ ಪ್ರೂಫು. ಎರಡನ್ನೂ ಟೈಪ್ ಮಾಡಿ ಕೋಡ್ ಓಡಿಸಿಯೇ ಬಂದಿದ್ದಳು. ಒಂದೇ ಒಂದು ಸಾಲು ಕೆಂಪು, ನಾಲ್ಕನೆಯದು. ಕೆಳಗಿನವರೆಲ್ಲ ಒಂದೊಂದು ಸಾಲು ಮೇಲೆ ಸರಿದು ಕುಳಿತಿದ್ದರು, ಅಲ್ಲೊಬ್ಬನಿದ್ದ ಎನ್ನುವುದೇ ಕಾಣದ ಹಾಗೆ.

"ಕಾಕಾ ಬರದ ಹಾಳ್ಯಾಗ ದೊಡ್ಡಜ್ಜನ ಹೆಸರ ಐತಿ. ಪ್ರೂಫಿನ್ಯಾಗ ಇಲ್ಲ. ಪ್ರೂಫಿನ ಕೆಳಗ ಸಹಿ ನಿಂದು ಐತಿ, ಅಜ್ಜಾ."

ಹನ್ನೆರಡು ವರ್ಷ ಇದಕ್ಕೇ ಹೆದರಿದ್ದೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಆ ದಿನ ಪ್ರೆಸ್ಸಿನಲ್ಲಿ ನನ್ನ ಹಿಂದೆ ಐದಾರು ಮಂದಿ ನಿಂತಿದ್ದರು. ಓದಿದವರ ಹಾಗೆ ತಲೆ ಆಡಿಸುತ್ತ ಹಾಳೆಯ ಮೇಲೆ ಕಣ್ಣು ಹಾಯಿಸಿದೆ, ಪ್ರೆಸ್ಸಿನವರು ಒಂದು ಸಾಲು ಬಿಟ್ಟದ್ದು ತಿಳಿಯದೆ ಸಹಿ ಮಾಡಿದೆ. ಅಣ್ಣ ಸಿಟ್ಟಾದಾಗ, ಓದಲು ಬರಲಿಲ್ಲ ಎನ್ನುವುದಕ್ಕಿಂತ ಬೇಕೆಂದೇ ತೆಗೆಸಿದೆ ಅನ್ನಿಸಿಕೊಳ್ಳುವುದು ಸುಲಭವಾಗಿ ಕಂಡಿತು.

"ನನಗ ಅಷ್ಟ ಲಗೂ ಓದಾಕ ಬರೂದಿಲ್ಲವಾ," ಅಂದೆ. ಅವಳು ಕಂಪ್ಯೂಟರು ಮುಚ್ಚಿದಳು.

ಈ ಲಗ್ನದ ಪತ್ರಿಕೆಯನ್ನು ಅಣ್ಣನ ಹೆಸರು ಸೇರಿಸಿ ಅವಳೇ ಪ್ರೆಸ್ಸಿಗೆ ಬರೆದುಕೊಟ್ಟಳು. ಹೊಸ ಪ್ರೂಫು ಬಂದ ದಿನ ಯಂತ್ರ ತೆರೆಯದೆ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟಳು. "ಈ ಸಲ ಮೊದಲ ನೀ ಓದು. ಅವಸರ ಯಾರಿಗೂ ಇಲ್ಲ. ಕಂಪ್ಯೂಟರ ಆಮ್ಯಾಲ ನೋಡಲಿ."

ಬೆರಳಿಟ್ಟು ಓದಿದೆ. ಮುಕ್ಕಾಲು ತಾಸು. ಚಹಾ ಆರಿತು. ನಾಲ್ಕನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಅಣ್ಣನ ಹೆಸರು ಇರಲಿಲ್ಲ. ಮತ್ತೆ ಓದಿದೆ, ಇಲ್ಲ. "ಇಲ್ಲಿ ನೋಡವಾ," ಎಂದು ಹಾಳೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ತಾನು ಬರೆದುಕೊಟ್ಟದ್ದರ ಜೊತೆ ಅದನ್ನಿಟ್ಟು ಕೋಡ್ ಓಡಿಸಿದಳು. ನನ್ನ ಬೆರಳು ನಿಂತಲ್ಲೇ ಅದೂ ಕೆಂಪಾಯಿತು.

ಪ್ರೆಸ್ಸಿನವನ ರೂಢಿಯೇ ಹಾಗೆ. ಹೊಸದಾಗಿ ಟೈಪ್ ಮಾಡುವವನಲ್ಲ. ಅದೇ ಮನೆತನದ ಹಳೆಯ ಪತ್ರಿಕೆ ತೆಗೆದು, ವಧು, ವರ, ಮುಹೂರ್ತ ಬದಲಿಸಿ, ತೀರಿಕೊಂಡವರ ಹಿಂದೆ 'ದಿ.' ಹಚ್ಚಿ ಕೊಡುತ್ತಾನೆ. ನನ್ನ ತಪ್ಪು ಹನ್ನೆರಡು ವರ್ಷ ಅವನ ಕಂಪ್ಯೂಟರಿನಲ್ಲಿ ಬೆಚ್ಚಗೆ ಮಲಗಿತ್ತು.

ತಿದ್ದಿಸಿದೆವು. ಮೊದಲ ಪತ್ರಿಕೆ ಹಿರಿಯನಿಗೆ ಕೊಡಬೇಕಲ್ಲ, ಅಕ್ಷತೆ ಕಟ್ಟಿಕೊಂಡು ಅಜ್ಜ ಮೊಮ್ಮಗಳು ಸುರೇಬಾನದ ಬಸ್ಸು ಹತ್ತಿದೆವು. ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹೇಳಬೇಕೆಂದದ್ದೆಲ್ಲ ಬಸ್ಸಿನಲ್ಲೇ ಮರೆತುಹೋಗಿತ್ತು. ನಿಂತುಕೊಂಡೇ ಅಂದೆ: "ಅಣ್ಣಾ, ನಾ ತಗಸಿರಲಿಲ್ಲ. ನನಗ ಓದಾಕ ಬರಲಿಲ್ಲ."

ಅಣ್ಣ ತಲೆ ಎತ್ತಿದ. "ಇಷ್ಟ ಹೇಳಾಕ ಹನ್ನೆರಡ ವರ್ಷ ಬೇಕಾತೇನ್ಲೇ? ನನಗರೇ ಎಲ್ಲಿ ಓದಾಕ ಬರತೈತಿ? ಹೆಸರ ಇಲ್ಲಂತ ಮಂದಿ ಓದಿ ಹೇಳಿದ್ದು."

ಮೊಮ್ಮಗಳು ಅವನ ಬೆರಳು ಹಿಡಿದು ನಾಲ್ಕನೆಯ ಸಾಲಿನ ಮೇಲಿಟ್ಟಳು. ಅವನು ಬೆರಳು ತೆಗೆಯಲಿಲ್ಲ.

"ಇದ ನನ್ನ ಹೆಸರೇನವಾ? ಭಾಳ ಉದ್ದ ಐತಲ್ಲ." ಆಮೇಲೆ ಟವೆಲ್ಲು ಹೆಗಲಿಗೆ ಹಾಕಿದ. "ನಿಮ್ಮಾಯಿ ಇವತ್ತ ಏನ ಮಾಡ್ಯಾಳ?"

ಆ ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಅಣ್ಣ ನನ್ನ ಮಗ್ಗುಲಿಗೆ. ಹೆಂಡತಿ ಹೋಳಿಗೆಗೆ ಏಲಕ್ಕಿ ಸುರಿದಿದ್ದಳು. ಎರಡು ಹೋಳಿಗೆ ಇಳಿದ ಮೇಲೆ ಅಣ್ಣ ತಾನಾಗಿಯೇ ಹಾವಿನ ಕಥೆ ತೆಗೆದ. ಅವನ ಹಾವು ಒಂಬತ್ತು ಮೊಳ. ಮತ್ತು ಅವನ ಕಥೆಯಲ್ಲಿ ನಾನಿದ್ದೆ, ಅವನ ಬೆನ್ನ ಹಿಂದೆ, ಅಂಗಿ ಗಟ್ಟಿಯಾಗಿ ಹಿಡಿದುಕೊಂಡು.

ಕಂಪ್ಯೂಟರು ಗೋಡೆಯ ಮಾಡದಲ್ಲಿತ್ತು. ಮೊಮ್ಮಗಳು ಒಮ್ಮೆ ಅದರ ಕಡೆ ನೋಡಿದಳು. ಆಮೇಲೆ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, "ಮುಂದ ಹೇಳು ದೊಡ್ಡಜ್ಜಾ," ಅಂದಳು.