ಮಾವನ ಕರಾವೋಕೆ ಹಕ್ಕುಪತ್ರ

ಕರಾವೋಕೆ ಯಂತ್ರವನ್ನು ಕಂಡುಹಿಡಿದವರು ನನ್ನ ಸೋದರಮಾವ. ನೀವು ನಂಬಬೇಕಿಲ್ಲ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನೇ ನಂಬಿರಲಿಲ್ಲ. ಆದರೆ ಹಾಗೆಂದು ತಿ. ನರಸೀಪುರದ ಅವರ ಮೈಕ್‌ಸೆಟ್ ಅಂಗಡಿಯಲ್ಲಿ ಬಾಯಿ ಬಿಡಬೇಡಿ. ಮಾವನ ಕೈಯಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುವಾಗ ಮಾವ ಒಂದು ವೈರನ್ನು ತಿರುಗುಮುರುಗು ಹಾಕಿದರಂತೆ. ಹಾಡುವವನ ದನಿ ಮಾಯವಾಗಿ ಬರೀ ವಾದ್ಯ ಉಳಿಯಿತಂತೆ. ಬೇರೆಯವರಾದರೆ ತಪ್ಪನ್ನು ತಿದ್ದಿಕೊಳ್ಳುತ್ತಿದ್ದರು. ಮಾವ ಅದನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಪಕ್ಕಕ್ಕೊಂದು ಮೈಕು ಜೋಡಿಸಿದರು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ನಂಜನಗೂಡಿನ ಛತ್ರವೊಂದರಲ್ಲಿ ಗಂಡಿನ ಕಡೆಯವರು ಥಳಥಳ ಹೊಳೆಯುವ ಕರಾವೋಕೆ ಯಂತ್ರ ತಂದಿಟ್ಟರು. ಮಾವ ಊಟದ ಎಲೆ ಬಿಟ್ಟು ಎದ್ದವರೇ, ಗಂಡಿನ ಚಿಕ್ಕಪ್ಪ ಹಾಡುತ್ತಿರುವಾಗಲೇ ಪ್ಲಗ್ ಕಿತ್ತರು.

"ಯಾಕ್ರೀ ಕಿತ್ರಿ?"

"ನನ್ ಮಿಷನ್ನು, ನಾನ್ ಆರಿಸ್ದೆ. ನಿಂಗೇನು?"

ಸಮಾಧಾನ ಮಾಡಲು ಹೋದೆ. "ಮಾವ, ಇದ್ನ ಜಪಾನಲ್ಲಿ ಯಾವಾಗ್ಲೋ ಮಾಡವ್ರೆ. ಮಾಡ್ದೋನು ಪೇಟೆಂಟ್ ತಕ್ಕೊಳ್ನಿಲ್ವಂತೆ. ಫಿಲಿಪೈನ್ಸೋನೊಬ್ಬ ತಕ್ಕೊಂಡ್ನಂತೆ."

ಮಾವ ಇನ್ನಷ್ಟು ಕೆಂಡವಾದರು. "ಅಂಗಾರೆ ಮಾಡ್ದೋನ್ಗೆ ಏನೂ ಇಲ್ವಾ? ಕಾಗ್ದ ಮಾಡ್ಸಿದೋನ್ದೇ ಎಲ್ಲಾನಾ?"

ಮರುದಿನವೇ ತಾಲ್ಲೂಕು ಕಚೇರಿಯ ಮುಂದೆ ಪತ್ರ ಬರೆಯುವವನ ಎದುರು ಕೂತರು. ಆತ ಜೀವಮಾನವಿಡೀ ಬರೆದದ್ದು ಜಮೀನಿನ ಕ್ರಯಪತ್ರ. ನಾಲ್ಕು ದಿಕ್ಕಿನ ಚಕ್ಕುಬಂದಿ ಇಲ್ಲದ್ದು ಆತನ ಪಾಲಿಗೆ ಪತ್ರವೇ ಅಲ್ಲ. ಹಾಗಾಗಿ ಛಾಪಾಕಾಗದದ ಮೇಲೆ ಮೂಡಿದ್ದು ಇದು: "ಸದರಿ ಪೆಟ್ಟಿಗೆಗೆ ಪೂರ್ವಕ್ಕೆ ಆಂಪ್ಲಿಫೈಯರು, ಪಶ್ಚಿಮಕ್ಕೆ ಟೇಪ್‌ರೆಕಾರ್ಡರು, ಉತ್ತರಕ್ಕೆ ಮೈಕು, ದಕ್ಷಿಣಕ್ಕೆ ಗೋಡೆ."

"ಪೆಟ್ಟಿಗೆ ತಿರುಗಿಸಿಟ್ರೆ ಅಕ್ಕು ಓಯ್ತದಾ ಮಾವ?"

"ಅದ್ಕೇ ಕಣ್ಲಾ ಗೋಡೆ ಆಕ್ಸಿರೋದು."

ಸಾಕ್ಷಿ ನಾನಂತೆ. ನಮ್ಮ ಕೇರಿಯ ಮದುವೆಯೊಂದರಲ್ಲಿ ಆ ಪೆಟ್ಟಿಗೆ ನುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆಂದು ರುಜು ಹಾಕಬೇಕಂತೆ. ಕಂಡಿದ್ದೆನೇ? ಅಥವಾ ಮಾವ ನೂರು ಸಲ ಹೇಳಿ ಹೇಳಿ ನನ್ನ ತಲೆಗೆ ತುಂಬಿದ ಚಿತ್ರವೇ ಅದು? ಪೆಟ್ಟಿಗೆಯನ್ನೇ ನೋಡೋಣವೆಂದರೆ ಅದನ್ನು ಎಂದೋ ಗೆದ್ದಲು ತಿಂದಿತ್ತು. "ಖಾತ್ರಿ ಇಲ್ಲ ಮಾವ," ಎಂದು ಪೆನ್ನು ವಾಪಸು ಕೊಟ್ಟೆ.

"ನಿನ್ನ ಓದ್ಸಿದ್ದು ಇದ್ಕೇನ್ಲಾ? ಅವತ್ತು ಆರ್ಕೆಸ್ಟ್ರಾದೋರು ಯಾವ್ ಕೇರಿ ಅಂತ ಕೇಳ್ಬುಟ್ಟು, ಬಂದಿದ್ ವ್ಯಾನ್ನ ಅಂಗೇ ತಿರುಗಿಸ್ಕೊಂಡು ಓದ್ರು. ಅವ್ರಿಲ್ದಿದ್ರೂ ನಮ್ಮೋರು ಪದ ಏಳ್ಲಿ ಅಂತ ಈ ಪೆಟ್ಟಿಗೆ ತಂದು ಇಟ್ಟೆ. ಮೊದ್ಲು ಮೈಕ್ ಇಡ್ದಿದ್ದು ಯಾರು, ಏಳು."

ವ್ಯಾನಿನ ಸಂಗತಿಯನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅವ್ವ ಕಣ್ಣ ಮುಂದೆ ಬಂದಳು. ನಾಲ್ಕು ಜನರ ಮುಂದೆ ತುಟಿ ಬಿಚ್ಚದವಳು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹಾಡತೊಡಗಿದ್ದಳು. ಎರಡನೇ ಸಾಲಿಗೆ ಕಣ್ಣು ಬಿಟ್ಟಿದ್ದಳು. ಇದನ್ನು ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ.

ಪೆನ್ನು ಮತ್ತೆ ಈಸಿಕೊಂಡೆ. "ಪೆಟ್ಟಿಗೆಯನ್ನು ಕಂಡ ನೆನಪಿಲ್ಲ. ನಾನು ಅವ್ವನ ಮುಖ ನೋಡುತ್ತಿದ್ದೆ," ಎಂದು ಬರೆದು ರುಜು ಹಾಕಿದೆ.

ಮಾವ ಎರಡು ಸಲ ಓದಿದರು. ಬಯ್ಯುತ್ತಾರೆಂದು ಕಾದೆ.

"ನಾನು ಪೆಟ್ಟಿಗೆ ಎಲ್ಲಿ ಕೆಡ್ತದೋ ಅಂತ ವೈರ್ ಇಡ್ಕೊಂಡೇ ಕೂತಿದ್ದೆ ಕಣ್ಲಾ. ತಲೆ ಎತ್ನೇ ಇಲ್ಲ," ಎಂದರು. "ಅಕ್ಕ ನಗ್ತಿದ್ಲಾ?"

"ನಿನ್ ಕಡೆನೇ ನೋಡ್ಕೊಂಡು ನಗ್ತಿದ್ಲು ಮಾವ," ಎಂದೆ.